ನನ್ನ ಹೆಸರಿನಲ್ಲಿ ಇಬ್ಬರು

ಆಸ್ಪತ್ರೆಯ ಔಷಧಿ ಕೌಂಟರಿನ ಹಿಂದಿನ ಕೋಣೆ
ಗುರುವಾರ, ಹದಿನೇಳನೇ ತಾರೀಕು

ಪ್ರೀತಿಯ ಚೂಟಿ ಮಗಳೇ,

ಕೆಮ್ಮು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲ ಕಂಪ್ಯೂಟರಿನ ಮುಂದೆ ಕೂತು ಊಟವನ್ನೇ ಮರೆತಿದ್ದೀಯೋ? ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದೀನಿ ಚಿಕ್ಕಮ್ಮ" ಎಂದು ಬಾಯಿ ಮುಚ್ಚಿಸುತ್ತೀಯ. ಇಲ್ಲಿ ನಾನೂ ನನ್ನ ಮಂಡಿನೋವೂ ಕ್ಷೇಮ.

ಇನ್ನು ನಮ್ಮ ಕೌಂಟರಿಗೆ ನೀನು ಮಾಡಿಕೊಟ್ಟ ಕಂಪ್ಯೂಟರ್ ಪರದೆಯ ಸುದ್ದಿ. ಕೂತವರ ಅಭ್ಯಾಸ ಕಲಿತು, ಅವರು ಹೆಚ್ಚಾಗಿ ಕೊಡುವ ಔಷಧಿಯನ್ನು ತಾನಾಗಿಯೇ ಮೇಲಕ್ಕೆ ತಂದಿಡುತ್ತದೆ ಎಂದೆಯಲ್ಲ, ನನಗೆ ಮೊದಲ ದಿನವೇ ಅದರ ಮೇಲೆ ಅನುಮಾನ. ಅತಿ ವಿನಯ ಧೂರ್ತ ಲಕ್ಷಣ. ನಿನ್ನ ಚಿಕ್ಕಪ್ಪ ಕೇಳದೆ ಕಾಫಿ ತಂದುಕೊಟ್ಟರೆ ಮನೆಯಲ್ಲಿ ಏನೋ ಒಡೆದಿದೆ ಎಂದೇ ಅರ್ಥ. ಆದರೂ ಎರಡೇ ದಿನಕ್ಕೆ ಕೈಗೆ ರೂಢಿಯಾಯಿತು. ಜ್ವರದ ಮಾತ್ರೆಯಲ್ಲಿ ದೊಡ್ಡವರದು ಮೊದಲ ಸಾಲು, ಮಕ್ಕಳದು ಎರಡನೆಯದು. ಒತ್ತಿದರೆ ಕಪಾಟಿನ ಸಂಖ್ಯೆ ಬರುತ್ತದೆ, ತೆಗೆದು ಕೊಡುತ್ತೇನೆ. ಆದರೆ ಊಟ ಮುಗಿಸಿ ಬಂದರೆ ಸಾಲುಗಳು ಅದಲುಬದಲು!

ಪಕ್ಕದ ಮಕ್ಕಳ ಔಷಧಿ ಕೌಂಟರಿನ ಕನ್ನಡಕದವಳದೇ ಕೈವಾಡ ಎಂದುಕೊಂಡೆ. ಸಂಶಯಕ್ಕೆ ಮದ್ದಿಲ್ಲ ಎನ್ನುತ್ತಾರೆ, ಔಷಧಿ ಕೌಂಟರಿನಲ್ಲಿ ಕೂತರೂ ಇಲ್ಲ. ನಾಲ್ಕು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ತಿಳಿಯಿತು, ಪಾಪ, ಅವಳು ನನ್ನ ಊಟದ ಹೊತ್ತಿನಲ್ಲಿ ತನ್ನ ಕೌಂಟರಿನ ಜನರನ್ನೂ ನನ್ನ ಕುರ್ಚಿಯಲ್ಲೇ ಕೂತು ನಿಭಾಯಿಸುತ್ತಾಳೆ. ಪರದೆಯಲ್ಲಿ ನನ್ನ ಹೆಸರು ತೆಗೆದು ತನ್ನ ಹೆಸರು ಹಾಕುವಷ್ಟರಲ್ಲಿ ಹೊರಗೆ ನಿಂತವರು "ಬೇಗ ಕೊಡಿ ಅಮ್ಮ" ಎಂದು ಕೂಗುತ್ತಾರೆ, ಹಾಗಾಗಿ ನನ್ನ ಹೆಸರಿನಲ್ಲೇ ಕೊಡುತ್ತಾಳೆ. ಇಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ನಿನ್ನ ಯಂತ್ರ ನಮ್ಮಿಬ್ಬರನ್ನೂ ಒಬ್ಬಳೇ ಎಂದುಕೊಂಡು, ಮಕ್ಕಳ ಮಾತ್ರೆಯನ್ನು ನನಗೆ ಮೇಲೆ ತಂದಿಡುತ್ತದೆ.

ನಾನು ದಿನಾ ಸಂಜೆ ತಪ್ಪುಗಳ ಲೆಕ್ಕ ಬರೆದು ಕಳಿಸುವ ಹಾಳೆಗಳನ್ನು ನಂಬಿ, ಇಪ್ಪತ್ತೈದನೇ ತಾರೀಕು ಎಲ್ಲ ಆಸ್ಪತ್ರೆಗಳಿಗೂ ಈ ಪರದೆ ಹಾಕಲು ಮೇಲಿನವರನ್ನು ಒಪ್ಪಿಸುತ್ತೀಯಂತೆ. ಎದೆ ಉಬ್ಬಿ ಹಾಲಿನವರಿಗೂ ಹೇಳಿಬಿಟ್ಟಿದ್ದೇನೆ. ನಿನ್ನ ಕೆಲಸದಿಂದ ನಿನಗೂ ನಾಲ್ಕು ಜನಕ್ಕೂ ಒಳ್ಳೆಯದಾಗಲಿ, ಕಣ್ಣು ಜೋಪಾನ.

ಇಂತಿ ನಿನ್ನನ್ನು ಎತ್ತಿ ಆಡಿಸಿದ
ಚಿಕ್ಕಮ್ಮ

ತಾ.ಕ.: ಫೋನಿನಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ. ಮೂರು ವಾರ ದಿನಾ ಸಂಜೆ 'ತಪ್ಪು: ಸೊನ್ನೆ' ಎಂದು ನಾನು ಬರೆದದ್ದು ಸುಳ್ಳು. ಮಧ್ಯಾಹ್ನ ಕನ್ನಡಕದವಳು ಊಟಕ್ಕೆ ಹೋದಾಗ ಮಕ್ಕಳಿಗೂ ನಾನೇ ಕೊಡುತ್ತೇನೆ, ಆಗ ರೂಢಿಯಂತೆ ಎರಡನೇ ಸಾಲು ಒತ್ತಿದರೆ ದೊಡ್ಡವರ ಮಾತ್ರೆ ಬರುತ್ತದೆ. ಕೊಡುವ ಮೊದಲು ಕಣ್ಣಿಗೆ ಬಿದ್ದು ಎಷ್ಟೋ ಸಲ ಬದಲಿಸಿದ್ದೇನೆ, ನಿನ್ನ ಹೆಸರಿಗೆ ಮಸಿ ಬೇಡವೆಂದು ಬರೆಯಲಿಲ್ಲ. ಮಂಗಳವಾರ ಕಣ್ಣಿಗೂ ಬೀಳಲಿಲ್ಲ. ಒಬ್ಬ ತಂದೆ ಗೇಟಿನವರೆಗೆ ಹೋದವನು ತಿರುಗಿ ಬಂದು, "ಹೋದ ಸಲದ್ದು ಇಷ್ಟು ದೊಡ್ಡದಿರಲಿಲ್ಲ, ಮಗು ನುಂಗುತ್ತಾ ಮೇಡಂ?" ಎಂದ. ನಗುನಗುತ್ತಾ ಬದಲಿಸಿ ಕೊಟ್ಟೆ, ಒಳಗೆ ಬಂದು ಅತ್ತುಬಿಟ್ಟೆ. ಅಂದು ಸಂಜೆಯೂ ಸೊನ್ನೆಯನ್ನೇ ಬರೆದೆ. ಆ ಹಾಳೆಗಳನ್ನು ಯಾರಿಗೂ ತೋರಿಸಬೇಡ, ಚೂಟಿ. ಎಲ್ಲರೂ ತಿರುಗಿ ಬಂದು ಕೇಳುವುದಿಲ್ಲ.