ಎಂಟು ಗಂಟೆಯ ಚೀಲ

ಅಪ್ಪಾ,

ಈ ಮನೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಗಂಭೀರ ವಿಷಯವೊಂದಿದೆ: ನಿನ್ನ ಕೈಚೀಲ.

ನಂಜನಗೂಡಿನ ಆಶ್ರಯಕೇಂದ್ರದಲ್ಲಿ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಚೀಲ ಸಮೇತ ಹೊರಗೆ ಹೋಗಬೇಕಿತ್ತು, ನಿಜ. ಆದರೆ ಇದು ನರಸೀಪುರ, ಕೇಂದ್ರದವರೇ ಹುಡುಕಿ ಕೊಡಿಸಿದ ಬಾಡಿಗೆ ಮನೆ. ಇಲ್ಲಿ ಹಗಲಲ್ಲೂ ಇರಬಹುದಂತೆ. ಪಕ್ಕದ ಮನೆ ಕೆಂಪಾಜಮ್ಮ ನಿನ್ನೆ ಕೇಳಿದರು: "ನಿಮ್ಮಪ್ಪ ದಿನಾ ಚೀಲ ಇಡ್ಕಂಡು ಬಸ್‌ಸ್ಟ್ಯಾಂಡಲ್ಲಿ ಕೂತಿರ್ತಾರಲ್ಲ, ಯಾವೂರ್ಗ್ ಓಯ್ತಾರವ್ವ?"

ಇವತ್ತು ಹನ್ನೊಂದಕ್ಕೆ ಕೇಂದ್ರದ ವನಿತಾ ಮೇಡಂ ಮನೆ ಪರಿಶೀಲನೆಗೆ ಬರುತ್ತಾರೆ. ಬಾಗಿಲಿಗೆ ಬೀಗ ಕಂಡರೆ ಇಲ್ಲಿ ಯಾರೂ ವಾಸವಿಲ್ಲವೆಂದು ಬರೆದುಕೊಳ್ಳುತ್ತಾರೆ, ಮನೆ ಕೈತಪ್ಪುತ್ತದೆ. ದಯವಿಟ್ಟು ಮನೆಯಲ್ಲೇ ಇರುವ ಸಾಹಸ ಮಾಡು. ಉಪ್ಸಾರು ಒಲೆಯ ಮೇಲಿದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ನೀನು ಸ್ನಾನಕ್ಕೆ ಹೋದಾಗ ಚೀಲ ಬಿಚ್ಚಿದೆ. ಬಟ್ಟೆ ಗೂಟದಲ್ಲಿದೆ. ಚೀಲ ನನ್ನ ಜೊತೆ ಕಾಲೇಜಿಗೆ ಹೋಗಿದೆ.

ಬಿಂದು