ಮಾವನ ಪಿಕಪ್ ನೋಡಿ ಬಂದದ್ದು

ಮನೆಯಿಂದ, ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬಂದರಿನ ಕ್ರೇನಿನಲ್ಲಿ ಕೂತು ಕೂತು ಸೊಂಟ ಹಿಡಿದಿದೆ ಎಂದು ಬರೆದಿದ್ದೆಯಲ್ಲ, ಈಗ ಪರವಾಗಿಲ್ಲವೇ? ಬೆಲ್ಟ್ ಕಟ್ಟಿಕೊಳ್ಳಬೇಕೆಂದು ಅಮ್ಮ ಹೇಳಿದ್ದಾಳೆ. ನೀನು ಕಟ್ಟಿಕೊಳ್ಳುವುದಿಲ್ಲ ಎಂದೂ ಅವಳೇ ಹೇಳಿದ್ದಾಳೆ. ಇಲ್ಲಿ ನಾವು ಕ್ಷೇಮ. ನನ್ನ ಬೇಕರಿ ಕೆಲಸ ಎಂದಿನಂತೆ ನಡೆದಿದೆ.

ಮಾವ ತಮ್ಮ ಡೀಸೆಲ್ ಪಿಕಪ್ ಮಾರುತ್ತಾರೆಂದು ತಿಳಿದು, ನೀನೇ ಕೊಳ್ಳುವ ಮನಸ್ಸಿನಿಂದ, ‘ಚೆನ್ನಾಗಿ ನೋಡಿಕೊಂಡು ಬಾ, ಆದರೆ ಅವರಿಗೆ ಬೇಸರವಾಗಬಾರದು’ ಎಂದು ಬರೆದೆಯಲ್ಲ, ಅವೆರಡೂ ಒಟ್ಟಿಗೆ ಆಗುವ ಕೆಲಸವಲ್ಲ ಮಾರಾಯ. ಅಮ್ಮನ ತಮ್ಮನ ಗಾಡಿಯ ಬಾನೆಟ್ ಎತ್ತುವುದೂ ಒಂದೇ, ಅವರ ಅಂಗಿ ಎತ್ತಿ ಹೊಟ್ಟೆ ನೋಡುವುದೂ ಒಂದೇ. ಆದರೂ ಶುಕ್ರವಾರ ಬೆಳಿಗ್ಗೆ ಹೇಳದೆ ಕೇಳದೆ ಹೋದೆ. ಮೊದಲೇ ಸ್ಟಾರ್ಟ್ ಮಾಡಿ ಬಿಸಿಯಾಗಿಟ್ಟ ಇಂಜಿನ್ ಎಷ್ಟು ಬೇಕಾದರೂ ಸುಳ್ಳು ಹೇಳುತ್ತದಂತೆ. ಹಾಗೆಂದವರು ಡೀಸೆಲ್ ಪಂಪ್ ರಿಪೇರಿ ಮಾಡುವ ನಮ್ಮ ಬೀದಿಯ ಮೆಕ್ಯಾನಿಕ್. ಹೊಗೆಯ ಬಣ್ಣ ನೋಡಿಯೇ ಗಾಡಿಯ ರೋಗ ಹೇಳುವುದರಿಂದ ಎಲ್ಲರ ಬಾಯಲ್ಲೂ ಅವರು ‘ಹೊಗೆಮೇಷ್ಟ್ರು’. ಅವರನ್ನೂ ಕರೆದುಕೊಂಡು ಹೋಗಿದ್ದೆ.

ನಮ್ಮನ್ನು ಕಂಡು ಮಾವನ ಮುಖ ಸಣ್ಣದಾಯಿತು. “ಏನೇ, ಜೊತೆಗೆ ಡಾಕ್ಟರನ್ನೂ ತಂದಿದೀಯಾ? ಕಣ್ಣು ಮುಚ್ಕೊಂಡು ತಗೊಳ್ಳೋ ಗಾಡಿ ಕಣೇ ಇದು!” ಎಂದರು. ಬಾನೆಟ್ ಮುಟ್ಟಿದೆ, ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮೊದಲು ತುಸು ಬಿಳಿ ಹೊಗೆ ಬಂತು, ಆಮೇಲೆ ಅದೂ ಇಲ್ಲ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥವಂತೆ, ಅದು ಬರಲಿಲ್ಲ. ಇಂಜಿನ್ ಓಡುತ್ತಿರುವಾಗಲೇ ಮೇಷ್ಟ್ರು ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದರು, ಒಳಗಿನಿಂದ ಗಾಳಿ ಬುಸುಗುಟ್ಟಲಿಲ್ಲ, ಎಂದರೆ ಇಂಜಿನ್ ಸವೆದಿಲ್ಲ. ಮೂಟೆ ಹೇರಿ ಏರುದಾರಿ ಹತ್ತಿಸಿದರು, ದಮ್ಮು ಕಟ್ಟಲಿಲ್ಲ. ಕ್ಲಚ್ ಮಾತ್ರ ಬದಲಾಯಿಸಬೇಕಾದೀತು.

ಆದರೆ ಗಾಡಿಯ ಎಡಭಾಗ ನೋಡಬೇಕಿತ್ತು ನೀನು. ಕನ್ನಡಿ ಹೊಸದು, ಬಾಗಿಲು ತರಚಿದೆ, ಹಿಂದಿನ ಮೂಲೆ ನುಜ್ಜಾಗಿದೆ. ಬಲಗಡೆ ಒಂದು ಗೀರೂ ಇಲ್ಲ. ಜೋರಾಗಿ ಗುದ್ದಿ ಚಾಸಿಸ್ ಸೊಟ್ಟಗಾಗಿದ್ದರೆ ಬೇಡವೇ ಬೇಡ ಎಂದು ಮೇಷ್ಟ್ರು ನೇರ ರಸ್ತೆಯಲ್ಲಿ ಸ್ಟೇರಿಂಗ್ ಬಿಟ್ಟು ನೋಡಿದರು. ದಾರ ಹಿಡಿದ ಹಾಗೆ ಹೋಯಿತು. ಹಾಗಾದರೆ ಇದೇನು ಎಂದು ಕೇಳಿದ್ದಕ್ಕೆ ಮಾವ ಸಿಡಿದರು. “ಬೇಡ ಅಂದ್ರೆ ಬಿಡಿ! ತಗೊಳ್ಳೋರು ಬೇಕಾದಷ್ಟು ಜನ ಇದಾರೆ.”

ಅತ್ತೆ ನನ್ನನ್ನು ಚಹಾ ಸೋಸಲು ಎಂದು ಒಳಗೆ ಕರೆದರು. ಚಹಾ ಆಗಲೇ ಲೋಟದಲ್ಲಿತ್ತು. “ಗಾಡಿಗೇನೂ ಆಗಿಲ್ಲ ಕಣೇ. ಅವರಿಗೆ ಎಡಗಣ್ಣು ಕಾಣಲ್ಲ. ನಂಗೂ ಹೇಳಿಲ್ಲ. ಊಟಕ್ಕೆ ಕೂತಾಗ ಎಡಗಡೆ ಇಟ್ಟ ನೀರು ದಿನಾ ಚೆಲ್ತಿದ್ರು. ಈಗ ಬಲಗಡೆ ಇಡ್ತೀನಿ, ನಾನೂ ಏನೂ ಕೇಳಿಲ್ಲ” ಎಂದರು. ಮಾರುವ ತನಕ ಬಾಡಿಗೆ ಓಡಿಸುವುದನ್ನು ನಿಲ್ಲಿಸುವುದಿಲ್ಲವೆಂದು ಮಾವನ ಹಟವಂತೆ. ಇವತ್ತಿಗೂ ಲೋಡ್ ಹೊಡೆಯುತ್ತಿದ್ದಾರೆ.

ಒಟ್ಟಿನಲ್ಲಿ ಗಾಡಿ ಗಟ್ಟಿ. ನಿನಗೆ ಹೇಗೆ ತೋಚುತ್ತದೋ ನಿಧಾನವಾಗಿ ಯೋಚಿಸಿ ಬರೆ. ಅಮ್ಮನ ಆಶೀರ್ವಾದ. ಸೊಂಟ ಜೋಪಾನ.

ನಿನ್ನ
ಅಕ್ಕ

ಮರೆತ ಮಾತಲ್ಲ, ಈಗಷ್ಟೇ ಆದದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಓಡಿ ಬಂದರು. ಶಾಲೆಯೊಂದಕ್ಕೆ ಬೆಂಚು ಸಾಗಿಸಲು ಮಾವ ನಾಳೆಗೆ ಒಪ್ಪಿಕೊಂಡಿದ್ದಾರಂತೆ, ಅದೂ ಮಕ್ಕಳು ಬರುವ ಹೊತ್ತಿಗೆ. ನಿನ್ನ ಉತ್ತರಕ್ಕೆ ಕಾಯಲಿಲ್ಲ, ಬೈದುಕೋ. ಮೇಷ್ಟ್ರನ್ನು ಕರೆದುಕೊಂಡು ಅತ್ತೆಯ ಜೊತೆಗೇ ಹೋಗಿ, ಗಾಡಿ ನಿನಗೇ ಬೇಕು, ಇವತ್ತೇ ಬೇಕು ಎಂದು ಮಾವನಿಗೆ ಹೇಳಿದೆ. ಚೌಕಾಸಿ ಮಾಡಲಿಲ್ಲ. ಕೀ ಕೊಡುವಾಗ ಅವರು ಎಡಗಡೆ ನಿಂತಿದ್ದ ನನ್ನ ಕೈಯನ್ನು ಗಾಳಿಯಲ್ಲಿ ಒಂದು ಕ್ಷಣ ಹುಡುಕಿದರು, ನಾನೇ ಮುಂದೆ ಚಾಚಿದೆ. ಗಾಡಿಯನ್ನು ಹೊಗೆಮೇಷ್ಟ್ರು ಓಡಿಸಿದರು. ಮಾವ ಬೀದಿಯ ಕೊನೆಯವರೆಗೂ ಹಿಂದೆ ನಡೆದು ಬಂದು, ನಾವು ನಿಲ್ಲಿಸಿದಾಗ ಕಿಟಕಿಗೆ ಬಗ್ಗಿ, “ಮಳೆಗಾಲದಲ್ಲಿ ರಿವರ್ಸ್ ಗೇರ್ ಸ್ವಲ್ಪ ಮೊಂಡು ಹಿಡಿಯುತ್ತೆ. ಬಲವಂತ ಮಾಡ್ಬೇಡ, ಒಂದ್ಸಲ ಕ್ಲಚ್ ಬಿಟ್ಟು ಮತ್ತೆ ಒತ್ತಿ ಹಾಕು ಅಂತ ಹೇಳು ಅವನಿಗೆ” ಎಂದರು. ಅಷ್ಟೆಲ್ಲ ತಡಕಾಡಿದರೂ ಅದೊಂದು ಮೇಷ್ಟ್ರ ಕೈಗೆ ಸಿಕ್ಕಿರಲಿಲ್ಲ.