ಅಪ್ಪ ಬಿಟ್ಟುಹೋದ ಕುರ್ಚಿ

ಅಪ್ಪನಿಗೆ ನಮಸ್ಕಾರ.

ನಾನು ಶಾಲೆ ಬಿಟ್ಟದ್ದು ಓದು ತಲೆಗೆ ಹತ್ತದೆ ಅಲ್ಲ. ಇಷ್ಟು ದಿನ ನಿಮ್ಮಿಂದ ಮುಚ್ಚಿಟ್ಟಿದ್ದೆ. ನಿಮ್ಮ ಪಕ್ಕದಲ್ಲಿ ನಿಂತು ಪಂಪು ಬಿಚ್ಚಿ ಕೂಡಿಸುವುದನ್ನು ಕಲಿಯುವ ಆಸೆಗೆ ಬಿಟ್ಟೆ. ಎಂಜಿನಿಯರ್ ಆಗಿದ್ದಾಗಲೂ, ಸ್ವಂತ ಪಂಪಿನ ಕಾರ್ಖಾನೆ ಕಟ್ಟಿದ ಮೇಲೂ ನಿಮ್ಮ ಕೈಯಲ್ಲಿ ಗ್ರೀಸ್ ಇರುತ್ತಿತ್ತು. ಮಂತ್ರಿಯಾದಾಗ ಕಾರ್ಖಾನೆಯನ್ನು ನನ್ನ ಹೆಸರಿಗೆ ಮಾಡಿ, ಗಾಜಿನ ಕೋಣೆಯ ನಿಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಹೋದಿರಿ. ಈಗ ಪಂಪು ಮುಟ್ಟಿದರೆ ಮೇಸ್ತ್ರಿ, "ಬಿಡಿ ಸಣ್ಣ ಮಂತ್ರಿಗಳೇ, ಬಟ್ಟೆ ಕೊಳೆಯಾಗತ್ತೆ" ಎಂದು ನಗುತ್ತಾನೆ. ಹೊರಗೆ ಕಾಲಿಟ್ಟರೆ ಮಂತ್ರಿಯ ಮಗನೆಂದು ಕಾವಲಿಗೆ ಕೊಟ್ಟ ಪೊಲೀಸಿನವನು ಹಿಂದೆಯೇ ಬರುತ್ತಾನೆ.

ನಿಮ್ಮ ಇಲಾಖೆಗೆ ಹೋಗಬೇಕಾದ ಪಂಪುಗಳು ಪರೀಕ್ಷೆಯಲ್ಲಿ ಬಿಸಿಯಾಗಿ ನಿಂತುಹೋದವು. ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಲಾರೆ ಎಂದು ಫೋನಿನಲ್ಲಿ ಹೇಳಿದಾಗ, "ಕೊಡೋರೂ ನಾವೇ, ತಗೊಳ್ಳೋರೂ ನಾವೇ, ನಿಂಗ್ಯಾಕೋ ತಲೆಬಿಸಿ?" ಎಂದಿರಿ. ಇಂಥದೇ ಒಂದು ಪಂಪಿಗಾಗಿ ಹಿಂದೆ ನೀವು ಹೊರಟ ಲಾರಿಯನ್ನು ತಡೆದು ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಹಿ ಹಾಕಿಲ್ಲ. ಕಾರ್ಖಾನೆಯ ಕಾಗದಪತ್ರಗಳಿಂದ ನನ್ನ ಹೆಸರನ್ನು ದಯವಿಟ್ಟು ತೆಗೆಸಿ. ಅಮ್ಮನ ಮಾತ್ರೆ ಮುಗಿಯುತ್ತ ಬಂದಿದೆ. ಡ್ರೈವರಿಗೆ ಹೇಳಿದ್ದೇನೆ, ನೀವೂ ನೆನಪಿಸಿ. ಬೇರೆ ಊರಿನ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ. ನಾಳೆ ಹೊರಡುತ್ತೇನೆ.

ನಿಮ್ಮ ಮಗ